ಸುಗ್ಗಿಗಲ್ಲ, ಕಳೆ ಕಾಲಕ್ಕೆ ಬನ್ನಿ

ಬೆಂಗಳೂರು, ಮೈಸೂರುಗಳ ಸುತ್ತಮುತ್ತ ಈಗ ಸಮುದಾಯ ಕೃಷಿಯ ಹೆಸರಿನಲ್ಲಿ ನಡೆಯುವ ಸಣ್ಣ ಹೊಲಗಳು ಅಲ್ಲಲ್ಲಿ ಕಾಣಸಿಗುತ್ತವೆ. ಒಬ್ಬರ ಲಾಭಕ್ಕೆಂದಲ್ಲದೆ ಒಂದು ಟ್ರಸ್ಟೋ, ಊರಿನ ಸಂಘವೋ, ಹತ್ತಾರು ಮನೆಗಳ ಗುಂಪೋ ನಡೆಸುವ ನಾಲ್ಕೈದು ಎಕರೆ. ಅದರಲ್ಲಿ ರಾಗಿ, ಅವರೆ, ಒಂದಿಷ್ಟು ತರಕಾರಿ, ಎರಡು ಹಸು, ನಾಟಿ ಬೀಜ ಕಾಪಿಡುವ ಒಂದು ಕೋಣೆ. ಇಂಥ ಹೊಲಕ್ಕೆ ನೆರವಾಗಬೇಕೆಂಬ ಮನಸ್ಸು ಪಟ್ಟಣದವರಲ್ಲಿ ಬೆಳೆಯುತ್ತಿದೆ, ಆ ಮನಸ್ಸಿನ ಬಗ್ಗೆ ನನಗೆ ಗೌರವವಿದೆ. ತಕರಾರಿರುವುದು ಅದು ಒದಗುವ ಹೊತ್ತಿನ ಬಗ್ಗೆ. ತೆನೆ ಬಾಗಿದ ಮೇಲೆ ಕುಡುಗೋಲು ಹಿಡಿಯಲು ಜನ ಬರುತ್ತಾರೆ. ಜೂನ್ 5ರಂದು ಸಸಿ ನೆಡಲು ಬರುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ರಾಶಿ ಪೂಜೆಗೆ ಬರುತ್ತಾರೆ. ಹಣವೂ ಬರುತ್ತದೆ, ಆದರೆ ಹೆಸರು ಕೆತ್ತಿಸಬಹುದಾದ ಒಂದು ತೊಟ್ಟಿಗೋ ಕಮಾನಿಗೋ ಎಂದು ಗುರುತು ಮಾಡಿಸಿಕೊಂಡು ಬರುತ್ತದೆ. ನಾನು ಇಲ್ಲಿ ವಾದಿಸಬೇಕೆಂದಿರುವುದು ಒಂದೇ ಸಂಗತಿ: ಹೊಲದ ಪಂಚಾಂಗಕ್ಕೆ ಹೊಂದಿಕೊಂಡು ತಪ್ಪದೆ ಬರುವ ಹತ್ತು ಕೈ, ಬಿತ್ತನೆಗೆ ಮುಂಚೆ ಯಾವ ಷರತ್ತೂ ಇಲ್ಲದೆ ಸಿಗುವ ಒಂದು ಸಣ್ಣ ಗಂಟು. ಸಣ್ಣ ಹೊಲವನ್ನು ನಿಜವಾಗಿ ಉಳಿಸುವುದು ಇವೆರಡೇ. ಮಿಕ್ಕ ಔದಾರ್ಯವೆಲ್ಲ ಅದಾದ ಮೇಲಿನದು.

ಮೊದಲು ಕೈಕೆಲಸದ ವಿಚಾರ. ರಾಗಿಯನ್ನೇ ತೆಗೆದುಕೊಳ್ಳಿ. ದಕ್ಷಿಣ ಕರ್ನಾಟಕದ ಖುಷ್ಕಿ ಹೊಲದಲ್ಲಿ ಜುಲೈ, ಆಗಸ್ಟಿನಲ್ಲಿ ಬಿತ್ತಿದ ರಾಗಿ ನವೆಂಬರ್, ಡಿಸೆಂಬರಿಗೆ ಕೊಯ್ಲಿಗೆ ಬರುತ್ತದೆ. ಬೆಳೆಯ ಹಣೆಬರಹ ಗೊತ್ತಾಗುವುದು ಮಾತ್ರ ಮೊದಲ ಐದಾರು ವಾರಗಳಲ್ಲಿ. ಆಗ ಕಳೆ ಮುಂದೆ ಓಡಿತೆಂದರೆ ಆಮೇಲೆ ಎಷ್ಟು ಗೊಬ್ಬರ ಕೊಟ್ಟರೂ ಪೈರು ತೆಂಡೆ ಒಡೆಯುವುದಿಲ್ಲ. ಸಾಲಿನ ನಡುವೆ ಎಡೆಕುಂಟೆ ಹೊಡೆದರೆ ಅರ್ಧ ಕೆಲಸ ಮುಗಿಯುತ್ತದೆ. ಸಾಲಿನೊಳಗೆ, ಪೈರಿನ ಬುಡಕ್ಕೇ ಅಂಟಿಕೊಂಡು ಎದ್ದದ್ದನ್ನು ಕುಕ್ಕರಗಾಲಲ್ಲಿ ಕೂತು ಕೈಯಿಂದಲೇ ಕೀಳಬೇಕು. ಇಲ್ಲಿಯೇ ಇರುವುದು ಸೂಕ್ಷ್ಮ. ಎಳೆಯದರಲ್ಲಿ ಕಾಡುರಾಗಿಯೂ ಬಿತ್ತಿದ ರಾಗಿಯೂ ಎಲೆಯಲ್ಲಿ, ಬಣ್ಣದಲ್ಲಿ, ನಿಲುವಿನಲ್ಲಿ ಹೆಚ್ಚು ಕಡಿಮೆ ಒಂದೇ. ಬುಡ ಹಿಡಿದು ನೋಡಿದಾಗ ಚಪ್ಪಟೆಯಾಗಿ ಬೆಳ್ಳಗೆ ಕಂಡರೆ ಅದು ಕಾಡುರಾಗಿ. ಈ ಗುರುತು ಹೇಳಿಕೊಟ್ಟ ತಕ್ಷಣ ತಿಳಿದಂತೆ ಅನ್ನಿಸುತ್ತದೆ, ಸಾಲಿಗೆ ಇಳಿದರೆ ಮತ್ತೆ ಗೊಂದಲ. ಅಣ್ಣೆಸೊಪ್ಪು ರಾಗಿ ಹೊಲದ ಕಳೆಯೂ ಹೌದು, ಆ ದಿನದ ಸಾರಿನ ಸೊಪ್ಪೂ ಹೌದು, ಆದ್ದರಿಂದ ಅದನ್ನು ಕಿತ್ತು ಬದುವಿಗೆ ಎಸೆಯಬಾರದು. ಅಕ್ಕಡಿ ಸಾಲಿನಲ್ಲಿ ಈಗಷ್ಟೇ ತಲೆಯೆತ್ತಿದ ಹುಚ್ಚೆಳ್ಳು, ತೊಗರಿ, ಅವರೆ ಸಸಿಗಳನ್ನು ಕಳೆಯೆಂದು ಕೀಳುವವರು, ತುಳಿಯುವವರು ಮೊದಲ ಸಲ ಬಂದವರೇ.

ಇದರಿಂದ ಹೊರಡುವ ಲೆಕ್ಕ ಸರಳವಾದುದು. ಮೊದಲ ದಿನ ಬಂದ ಹತ್ತು ಜನರ ಹಿಂದೆ ಹೊಲ ಬಲ್ಲ ಒಬ್ಬರು ಇಡೀ ಬೆಳಗ್ಗೆ ನಿಂತಿರಬೇಕು. ಅವರ ಸ್ವಂತ ಕೆಲಸ ನಿಂತಿತು, ಮೇಲೆ ಒಂದಿಷ್ಟು ಪೈರೂ ಹೋಯಿತು. ಅದೇ ಜನ ಮೂರನೆಯ, ನಾಲ್ಕನೆಯ ಸಲ ಬಂದಾಗ ಹೇಳಿಕೊಡುವ ಅಗತ್ಯ ಬೀಳುವುದಿಲ್ಲ, ಅವರೇ ಹೊಸಬರಿಗೆ ಹೇಳಿಕೊಡಬಲ್ಲರು. ಹನ್ನೆರಡು ಜನ ಒಂದೊಂದು ಸಲ ಬರುವುದಕ್ಕೂ ಒಬ್ಬರೇ ಹನ್ನೆರಡು ಸಲ ಬರುವುದಕ್ಕೂ ಹಾಜರಿ ಪುಸ್ತಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹೊಲದಲ್ಲಿ ಅಜಗಜಾಂತರ. ಕಂಪನಿಗಳು ಬಸ್ಸು ಮಾಡಿಕೊಂಡು ನೌಕರರನ್ನು ಕರೆತರುವ ಒಂದು ದಿನದ ಸೇವೆಯ ಬಗ್ಗೆ ನನಗೆ ಉತ್ಸಾಹ ಇಲ್ಲದಿರುವುದು ಈ ಕಾರಣಕ್ಕೆ. ಅದೇ ಕಂಪನಿ ಅದೇ ನಾಲ್ವರು ನೌಕರರಿಗೆ ಆಗಸ್ಟಿನ ನಾಲ್ಕು ಶನಿವಾರ ಬಿಡುವು ಕೊಟ್ಟರೆ ಹೊಲದ ಪಾಲಿಗೆ ಅದು ದೊಡ್ಡ ಉಪಕಾರ.

ಇದು ನಮ್ಮ ಹಳ್ಳಿಗಳಿಗೆ ಹೊಸ ವಿಚಾರವೇನೂ ಅಲ್ಲ. ಮುಯ್ಯಾಳು ಪದ್ಧತಿ ನಿಂತದ್ದೇ ಈ ತಿಳಿವಳಿಕೆಯ ಮೇಲೆ. ಇವತ್ತು ನನ್ನ ಹೊಲದ ನಾಟಿಗೆ ನಿಮ್ಮ ಮನೆಯವರು, ನಾಳೆ ನಿಮ್ಮ ಹೊಲದ ಕಳೆಗೆ ನಮ್ಮ ಮನೆಯವರು. ಕೂಲಿಯಿಲ್ಲ, ಊಟ ಉಂಟು. ಅಲ್ಲಿ ದಿನ ನಿಶ್ಚಯಿಸುತ್ತಿದ್ದುದು ಹದ ಮತ್ತು ಮಳೆ, ಬರುವವರ ಬಿಡುವಲ್ಲ. ಹೋದವರಿಗೆ ಕೆಲಸ ಗೊತ್ತಿತ್ತು, ಹೋಗದಿದ್ದರೆ ತಮ್ಮ ಹೊಲಕ್ಕೆ ಯಾರೂ ಬರುವುದಿಲ್ಲವೆಂಬ ಭಯವೂ ಇತ್ತು. ನಗರದ ಸ್ವಯಂಸೇವಕರಿಗೆ ಆ ಭಯವಿಲ್ಲ, ಆ ಕೌಶಲವೂ ಇಲ್ಲ. ಅದರ ಜಾಗದಲ್ಲಿ ಕೊಟ್ಟ ಮಾತು ಒಂದೇ ಉಳಿಯುತ್ತದೆ. ಅದೊಂದು ಗಟ್ಟಿಯಿದ್ದರೆ ಮಿಕ್ಕದ್ದನ್ನು ಹೊಲವೇ ಕಲಿಸುತ್ತದೆ.

ಇನ್ನು ಹಣ. ಇಲ್ಲಿ ನಮಗಿಂತ ಮುಂದೆ ಯೋಚಿಸಿದವರ ಅನುಭವ ನೋಡಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಟೆಂಪಲ್, ವಿಲ್ಟನ್ ಎಂಬ ಎರಡು ಅಕ್ಕಪಕ್ಕದ ಊರುಗಳಿವೆ. 1986ರಲ್ಲಿ ಟ್ರಾಗರ್ ಗ್ರೋ, ಆಂಥನಿ ಗ್ರಹಾಂ, ಲಿಂಕನ್ ಗೈಗರ್ ಎಂಬ ಮೂವರು ರೈತರು ಅಲ್ಲಿ ಟೆಂಪಲ್-ವಿಲ್ಟನ್ ಕಮ್ಯುನಿಟಿ ಫಾರ್ಮ್ ಆರಂಭಿಸಿದರು. ಅವರ ಕ್ರಮ ಹೀಗೆ: ವರ್ಷಕ್ಕೊಮ್ಮೆ ಸದಸ್ಯರ ಸಭೆ. ಬರುವ ವರ್ಷಕ್ಕೆ ಹೊಲಕ್ಕೆ ಒಟ್ಟು ಎಷ್ಟು ಖರ್ಚು, ರೈತರ ಸಂಸಾರಕ್ಕೆ ಎಷ್ಟು ಬೇಕು ಎಂಬುದನ್ನು ಎಲ್ಲರ ಮುಂದೆ ಇಡುತ್ತಾರೆ. ಪ್ರತಿಯೊಂದು ಮನೆಯವರೂ ತಮ್ಮ ಶಕ್ತಿಗೆ ತಕ್ಕಷ್ಟು ಹೇಳುತ್ತಾರೆ. ಕೂಡಿಸಿ ನೋಡಿದಾಗ ಸಾಲದಿದ್ದರೆ ಇನ್ನೊಂದು ಸುತ್ತು. ಮೊತ್ತ ತುಂಬಿದ ಮೇಲೆ ತರಕಾರಿಗೆ, ಹಾಲಿಗೆ ಪ್ರತ್ಯೇಕ ಬೆಲೆಯಿಲ್ಲ. ತಮಗೆ ಬೇಕಾದಷ್ಟು ಒಯ್ಯುತ್ತಾರೆ, ಆಲಿಕಲ್ಲು ಬಿದ್ದು ಬೆಳೆ ಹೋದರೆ ನಷ್ಟ ಎಲ್ಲರದು. ಇದನ್ನು ಖರೀದಿ ಅನ್ನಲಾಗದು, ದಾನ ಅನ್ನಲೂ ಆಗದು. ಜಪಾನಿನಲ್ಲಿ ಇದಕ್ಕೂ ಮೊದಲೇ, 1970ರ ದಶಕದಲ್ಲಿ, ತೇಕೇ ಎಂಬ ಪದ್ಧತಿ ಬೆಳೆದಿತ್ತು. 1971ರಲ್ಲಿ ಹುಟ್ಟಿದ ಅಲ್ಲಿಯ ಸಾವಯವ ಕೃಷಿ ಸಂಘ 1978ರಲ್ಲಿ ಅದಕ್ಕೆ ಹತ್ತು ಸೂತ್ರಗಳನ್ನು ರೂಪಿಸಿತು. ರೈತ ಒಪ್ಪಂದದಂತೆ ಬೆಳೆದದ್ದನ್ನೆಲ್ಲ ಬಳಕೆದಾರರು ಒಪ್ಪಿಕೊಳ್ಳಬೇಕು ಎಂಬುದು ಅವುಗಳಲ್ಲಿ ಒಂದು. ಮೂಲಂಗಿ ಹೆಚ್ಚಾದ ವಾರ ಮನೆಯ ಅಡುಗೆಯೂ ಮೂಲಂಗಿಯದೇ.

ಮುಂಗಡ ಹಣಕ್ಕೆ ಇಷ್ಟು ಒತ್ತು ಯಾಕೆ ಎಂದು ಕೇಳುವವರು ನಮ್ಮ ಕೋಲಾರದ ಟೊಮೆಟೊ ನೋಡಿದರೆ ಸಾಕು. 2023ರ ಜುಲೈಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದ ಹಣ್ಣು ಕೆಲವೇ ವಾರಗಳಲ್ಲಿ ಕುಸಿದು ಬಿತ್ತು. ದೊಡ್ಡ ಹಿಡುವಳಿದಾರ ಒಂದು ಬೆಳೆಯ ಹೊಡೆತವನ್ನು ಇನ್ನೊಂದರಲ್ಲಿ ತುಂಬಿಕೊಂಡಾನು. ನಾಲ್ಕು ಎಕರೆಯ ಹೊಲ ಮೇ ತಿಂಗಳಲ್ಲಿ ಬೀಜ, ಗೊಬ್ಬರ, ಉಳುಮೆ, ಪಂಪಿನ ರಿಪೇರಿಗೆ ಕೈ ಖಾಲಿ ಮಾಡಿಕೊಂಡು, ಡಿಸೆಂಬರಿನವರೆಗೆ ಉಸಿರು ಬಿಗಿಹಿಡಿದು ಕೂರಬೇಕಾಗುತ್ತದೆ. ಆ ನಡುವಿನ ತಿಂಗಳುಗಳಲ್ಲಿ ಬಡ್ಡಿಗೆ ತಂದ ಹಣ ಸುಗ್ಗಿಯ ಲಾಭವನ್ನು ನುಂಗುತ್ತದೆ. ದೇಣಿಗೆ ಕೊಡುವವರು ಮುಟ್ಟಬೇಕಾದ ಜಾಗ ಅದು. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. 2025–26ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಆ ದರದಲ್ಲಿ ತಿಂಗಳಿಗೆ 25 ದಿನದ ಕೂಲಿ 9,250 ರೂಪಾಯಿ. ಇಪ್ಪತ್ತು ಮನೆಯವರು ತಿಂಗಳಿಗೆ ತಲಾ 500 ರೂಪಾಯಿ ತಪ್ಪದೆ ಹಾಕಿದರೆ ಹೊಲದ ಒಬ್ಬ ಕಾಯಂ ಕೆಲಸಗಾರರಿಗೆ ವರ್ಷವಿಡೀ ಆ ಮಟ್ಟದ ಕೂಲಿ ಖಾತ್ರಿಯಾಗುತ್ತದೆ. ಹೆಚ್ಚು ಕೊಡಬೇಕಾದ ಕಡೆ ಇನ್ನೂ ಹತ್ತು ಮನೆ ಸೇರಬೇಕು. ಒಮ್ಮೆ ಕೊಟ್ಟು ಮರೆಯುವ ಒಂದು ಲಕ್ಷಕ್ಕಿಂತ ಇದರ ಬೆಲೆ ದೊಡ್ಡದು, ಏಕೆಂದರೆ ಇದನ್ನು ನೆಚ್ಚಿಕೊಂಡು ಮುಂದಿನ ವರ್ಷದ ಬೆಳೆ ಯೋಜಿಸಬಹುದು. ಹೊಲಕ್ಕೆ ಏನು ಬೇಕೆಂದು ಹೊಲದವರಿಗೇ ಚೆನ್ನಾಗಿ ಗೊತ್ತಿರುವುದರಿಂದ ಇಂಥದಕ್ಕೇ ಖರ್ಚು ಮಾಡಿ ಎಂಬ ಗುರುತು ಬೇಡ. ಬೇಲಿ ಮುರಿದು ಹಂದಿ ನುಗ್ಗುತ್ತಿರುವಾಗ ಕಮಾನಿನ ಹಣ ಬ್ಯಾಂಕಿನಲ್ಲಿ ಸುಮ್ಮನೆ ಕೂತಿರುತ್ತದೆ.

ದೊಡ್ಡ ಮೊತ್ತಕ್ಕೆ ಅರ್ಥವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಒಂದು ಸಂದರ್ಭದಲ್ಲಿ ಅದು ಬೇಕೇ ಬೇಕು, ಭೂಮಿಯೇ ಕೈತಪ್ಪುವ ಸಂದರ್ಭದಲ್ಲಿ. ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ ಮಾರ್ಕೆಟ್ ಡ್ರೇಟನ್ ಪಕ್ಕ ಫೋರ್ಡ್‌ಹಾಲ್ ಎಂಬ ಹೊಲವಿದೆ. ಆರ್ಥರ್ ಹಾಲಿನ್ಸ್ ಎಂಬ ರೈತ ಅದನ್ನು ಗೇಣಿಗೆ ಮಾಡುತ್ತಿದ್ದರು. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು, ಸಾರ ಬತ್ತಿದ ನೆಲವನ್ನು ವಹಿಸಿಕೊಂಡವರು ಅವರು. ಉಳುಮೆಯಿಲ್ಲದ ಕಾಡಿನ ಮಣ್ಣು ಹೇಗೆ ತಾನೇ ಫಲವತ್ತಾಗಿರುತ್ತದೆಂದು ಗಮನಿಸಿ, ರಾಸಾಯನಿಕ ಬಿಟ್ಟು, ಹತ್ತಾರು ಬಗೆಯ ಹುಲ್ಲು ಸೊಪ್ಪುಗಳು ಕೂಡಿ ಬೆಳೆಯುವ ಹುಲ್ಲುಗಾವಲು ಕಟ್ಟಿದರು. ದನಗಳು ಚಳಿಗಾಲದಲ್ಲೂ ಬಯಲಲ್ಲೇ ಮೇಯುವ ಕ್ರಮ ಅವರದು. ಪಕ್ಕದ ಡೈರಿ ಕಾರ್ಖಾನೆಯ ವಿಸ್ತರಣೆಯ ಮಾತು ಬಂದು, ಜಮೀನಿನ ಒಡೆಯರು ಬಿಡಿಸುವ ನೋಟಿಸು ಕೊಟ್ಟರು. ಆರ್ಥರ್ 2005ರಲ್ಲಿ ತೀರಿಕೊಂಡರು. ಅವರ ಮಕ್ಕಳು ಷಾರ್ಲಟ್ ಮತ್ತು ಬೆನ್ ಆಗ ಇಪ್ಪತ್ತರ ಆಸುಪಾಸಿನವರು. 2006ರ ಜುಲೈ 1ರೊಳಗೆ ಎಂಟು ಲಕ್ಷ ಪೌಂಡ್ ತಂದರೆ ಭೂಮಿ ಸಿಗುತ್ತದೆ, ಇಲ್ಲವಾದರೆ ಇಲ್ಲ. ಅಕ್ಕ, ತಮ್ಮ ಇಬ್ಬರೂ ಊರವರೊಡನೆ ಸೇರಿ ಒಂದು ಸಮುದಾಯ ಸಂಸ್ಥೆ ಕಟ್ಟಿ, 50 ಪೌಂಡಿನ ಷೇರು ಮಾರಿದರು. ಆ ಷೇರಿಗೆ ಲಾಭಾಂಶವಿಲ್ಲ, ಬೆಲೆ ಏರುವುದೂ ಇಲ್ಲ. ಎಷ್ಟು ಷೇರು ಕೊಂಡರೂ ಒಬ್ಬರಿಗೆ ಒಂದೇ ಮತ. ಸುಮಾರು ಎಂಟು ಸಾವಿರ ಜನ ಕೊಂಡರು, ಗಡುವಿನೊಳಗೆ ಭೂಮಿ ಸಮುದಾಯದ್ದಾಯಿತು.

ಈ ಪ್ರಸಂಗದಲ್ಲಿ ಸಂಗ್ರಹವಾದ ಮೊತ್ತಕ್ಕಿಂತ ನನ್ನನ್ನು ಹೆಚ್ಚು ಸೆಳೆಯುವುದು ಷೇರಿನ ವಿನ್ಯಾಸ. ಕೊಟ್ಟವರಿಗೆ ಆಜೀವ ಸಂಬಂಧ ಸಿಕ್ಕಿತು, ಯಜಮಾನಿಕೆ ಸಿಗಲಿಲ್ಲ. ಬೇಸಾಯ ಹೇಗೆ ಮಾಡಬೇಕೆಂಬ ತೀರ್ಮಾನ ದೀರ್ಘ ಗೇಣಿಯ ಮೇಲೆ ದುಡಿಯುವ ರೈತರ ಬಳಿಯೇ ಉಳಿಯಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಇಂಡಿಯನ್ ಲೈನ್ ಫಾರ್ಮ್‌ನದೂ ಇಂಥದೇ ಕಥೆ. ಸಮುದಾಯ ಬೆಂಬಲಿತ ಕೃಷಿಯನ್ನು ಅಲ್ಲಿ ಬೇರೂರಿಸಿದವರಲ್ಲಿ ಮುಖ್ಯರಾದ ರಾಬಿನ್ ವ್ಯಾನ್ ಎನ್ 1997ರಲ್ಲಿ ತೀರಿಕೊಂಡಾಗ ಹೊಲ ಮಾರಾಟಕ್ಕೆ ಬಂತು. ಅಲ್ಲಿ ದುಡಿಯುತ್ತಿದ್ದ ಯುವ ದಂಪತಿಗೆ ಕೊಳ್ಳುವ ಶಕ್ತಿ ಇರಲಿಲ್ಲ. 1999ರಲ್ಲಿ ಸ್ಥಳೀಯ ಭೂ ಟ್ರಸ್ಟು, ಒಂದು ನಿಸರ್ಗ ಸಂರಕ್ಷಣಾ ಸಂಸ್ಥೆ ಮತ್ತು ಆ ದಂಪತಿ ಕೂಡಿ ದಾರಿ ಹುಡುಕಿದರು: ಭೂಮಿ ಟ್ರಸ್ಟಿನದು, ಮನೆ ಮತ್ತು ಕೊಟ್ಟಿಗೆ ರೈತರದು, ಗೇಣಿ 99 ವರ್ಷಕ್ಕೆ.

ನಮಗೆ ಇನ್ನೂ ಹತ್ತಿರದ್ದೊಂದು ಉದಾಹರಣೆಯಿದೆ. 1910ರಲ್ಲಿ ಜೋಹಾನ್ಸ್‌ಬರ್ಗ್ ಹತ್ತಿರ ಹರ್ಮನ್ ಕಾಲೆನ್‌ಬಾಕ್ 1,100 ಎಕರೆ ಕೊಂಡು, ಬಾಡಿಗೆಯಿಲ್ಲದೆ ಗಾಂಧೀಜಿಯ ಸತ್ಯಾಗ್ರಹಿಗಳಿಗೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಅಲ್ಲಿಯವರೆಗೆ ಸೆರೆಮನೆಗೆ ಹೋದವರ ಕುಟುಂಬಗಳಿಗೆ ತಿಂಗಳು ತಿಂಗಳು ಹಣ ಹಂಚುತ್ತಿದ್ದರು, ಅದು ಬಹುಕಾಲ ನಡೆಯುವಂಥದ್ದಾಗಿರಲಿಲ್ಲ. ಎಲ್ಲರೂ ಒಂದೆಡೆ ಸೇರಿ ದುಡಿದು ಬದುಕಲು ಹೊಲ ಅವಕಾಶ ಕೊಟ್ಟಿತು. ಹಣ ಭಾರತದಿಂದಲೂ ಬಂತು; ಆ ಸತ್ಯಾಗ್ರಹಿಗಳ ಟ್ರಾನ್ಸ್‌ವಾಲ್ ಹೋರಾಟಕ್ಕೆ ಸರ್ ರತನ್ ಟಾಟಾ 25,000 ರೂಪಾಯಿಯ ದೇಣಿಗೆಯನ್ನು ಒಂದಕ್ಕಿಂತ ಹೆಚ್ಚು ಸಲ ಕಳಿಸಿದರು. ಆದರೆ ನಾನು ಎತ್ತಿ ತೋರಿಸಬೇಕೆಂದಿರುವುದು ಕಾಲೆನ್‌ಬಾಕ್ ಅವರನ್ನು. ಭೂಮಿ ಕೊಟ್ಟು ಅವರು ದೂರ ನಿಲ್ಲಲಿಲ್ಲ, ಅಲ್ಲೇ ವಾಸಕ್ಕೆ ಬಂದರು. ಕ್ರೈಸ್ತ ಸನ್ಯಾಸಿಗಳ ಮಠವೊಂದಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದು ಹೊಲದವರಿಗೆ ಕಲಿಸಿದರು. ಕೊಡುವ ಕೈಯೂ ದುಡಿಯುವ ಕೈಯೂ ಒಂದೇ ಆದಾಗ ಹೊಲಕ್ಕೆ ಬರುವ ಬಲ ಬೇರೆಯದೇ ಆಗಿರುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಗಟ್ಟಿಯಾದದ್ದು ಇದು: ಪಟ್ಟಣದವರು ಬಿಟ್ಟಿ ದುಡಿದರೆ ಊರಿನ ಕೂಲಿಯವರ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ? ಕಳೆ ಕೀಳುವ ಕೆಲಸ ನಮ್ಮ ಹಳ್ಳಿಗಳಲ್ಲಿ ಬಹುಪಾಲು ಹೆಂಗಸರದು. ಆ ಕೂಲಿಯಿಂದ ಮನೆ ನಡೆಯುತ್ತದೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಸ್ವಯಂಸೇವಕರು ಬಂದರೆಂದು ಕೂಲಿಯವರನ್ನು ಬಿಡಿಸುವ ಹೊಲಕ್ಕೆ ಯಾರೂ ನೆರವಾಗಬಾರದು. ಆದರೆ ಕಳೆಯ ಆ ಎರಡು ಮೂರು ವಾರ ಸುತ್ತಲಿನ ಎಲ್ಲ ಹೊಲಗಳಿಗೂ ಒಟ್ಟಿಗೇ ಆಳು ಬೇಕಾಗುತ್ತದೆ, ಕೂಲಿ ಕೊಡುತ್ತೇವೆಂದರೂ ಸಾಕಷ್ಟು ಜನ ಸಿಗುವುದಿಲ್ಲ. ಕೊರತೆ ಇರುವ ಆ ದಿನಗಳಲ್ಲಿ ಕೂಲಿಯವರ ಜೊತೆಗೆ, ಅವರ ಕೈಕೆಳಗೆ, ಅವರಿಂದ ಕಲಿಯುತ್ತ ದುಡಿಯುವುದು ಸರಿ. ಕಲಿಸಿದ ದಿನಕ್ಕೆ ಅವರಿಗೆ ಎಂದಿನ ಕೂಲಿಯ ಮೇಲೆ ಇನ್ನಷ್ಟು ಸಿಗಬೇಕು. ನಾನು ಮೇಲೆ ಹೇಳಿದ ಮಾಸಿಕ ದೇಣಿಗೆಯನ್ನು ಮೊದಲು ಕೂಲಿಗೆ ಎತ್ತಿಡಬೇಕೆನ್ನುವುದೂ ಇದಕ್ಕೇ. ಬಿಟ್ಟಿ ಕೈಗಳಿಗೆ ಇನ್ನೂ ಬೇಕಾದಷ್ಟು ಕೆಲಸವಿದೆ: ಬೀಜ ಹಸನು ಮಾಡಿ ಚೀಟಿ ಹಚ್ಚುವುದು, ಲೆಕ್ಕ ಬರೆಯುವುದು, ಗೊಬ್ಬರದ ಗುಂಡಿ ಮಗುಚುವುದು, ತರಕಾರಿಯನ್ನು ಮನೆಮನೆಗೆ ಮುಟ್ಟಿಸುವುದು.

ದೇಣಿಗೆಯಿಂದಲೇ ಬದುಕುವ ಹೊಲ ಹೊಲವೇ ಅಲ್ಲ, ಮಾರುಕಟ್ಟೆಯಲ್ಲಿ ನಿಲ್ಲಲಾಗದಿದ್ದರೆ ಮುಚ್ಚಲಿ ಎನ್ನುವವರೂ ಇದ್ದಾರೆ. ರಾಗಿ ಮಾರಿ ಬರುವ ಹಣವನ್ನಷ್ಟೇ ಎಣಿಸಿದರೆ ಅವರ ಮಾತು ಸರಿ. ಇಂಥ ಹೊಲ ಮಾಡುವ ಎಷ್ಟೋ ಕೆಲಸಕ್ಕೆ ಸಂತೆಯಲ್ಲಿ ಬೆಲೆಯೇ ಇಲ್ಲ. ಇಳುವರಿ ಕಡಿಮೆಯೆಂದು ಯಾರೂ ಬೆಳೆಯದ ನಾಟಿ ತಳಿಯನ್ನು ವರ್ಷ ವರ್ಷ ಬಿತ್ತಿ ಬೀಜ ಉಳಿಸುವುದು, ಶಾಲೆಯ ಮಕ್ಕಳಿಗೆ ಅಕ್ಕಡಿ ಸಾಲು ತೋರಿಸುವುದು, ಹತ್ತಿರದ ರೈತರು ತಮ್ಮ ಹೊಲದಲ್ಲಿ ಮಾಡಿ ನೋಡಲು ಹೆದರುವ ಪ್ರಯೋಗದ ನಷ್ಟವನ್ನು ತಾನು ಹೊರುವುದು. ಗ್ರಂಥಾಲಯ ಲಾಭ ಮಾಡಲಿಲ್ಲವೆಂದು ಯಾರೂ ಬೀಗ ಹಾಕಿಸುವುದಿಲ್ಲ. ಮಾರಾಟದಿಂದ ಬೆಳೆಯ ಖರ್ಚಾದರೂ ಹುಟ್ಟಬೇಕೆಂದು ಕೇಳುವ ಹಕ್ಕು ದಾನಿಗಳಿಗೆ ಖಂಡಿತ ಇದೆ. ಅದೂ ಹುಟ್ಟದೆ ವರ್ಷಗಟ್ಟಲೆ ದೇಣಿಗೆಯಲ್ಲೇ ನಡೆಯುತ್ತಿದ್ದರೆ ಬೇಸಾಯದಲ್ಲಿ ಏನೋ ದೋಷವಿದೆ, ಅದನ್ನು ಮುಖಕ್ಕೇ ಹೇಳಬೇಕು.

ಮೂರನೆಯ ಪ್ರಶ್ನೆ ಈಚಿನದು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರ ತಿದ್ದುಪಡಿ ತೆಗೆದುಹಾಕಿದ ಮೇಲೆ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ನಿರ್ವಹಣೆಯನ್ನೂ ತಾವೇ ಮಾಡಿಕೊಡುತ್ತೇವೆನ್ನುವ ಕಂಪನಿಗಳು ಕಾಲೆಕರೆ ತುಂಡುಗಳನ್ನು ಮಾರುತ್ತಿವೆ. ಹಾಗಿರುವಾಗ ಇನ್ನೊಬ್ಬರ ಹೊಲಕ್ಕೆ ಯಾಕೆ ಕೊಡಬೇಕು, ನನ್ನದೇ ಒಂದು ತುಂಡು ಕೊಳ್ಳಬಹುದಲ್ಲ? ಕೊಳ್ಳಲಿ, ಅದು ಅವರವರ ಇಷ್ಟ. ಆದರೆ ತಿಂಗಳಿಗೊಮ್ಮೆ ಹೋಗಿ ನೋಡುವ ಕಾಲೆಕರೆಯಲ್ಲಿ ಬೇಸಾಯ ನಡೆಯುವುದಿಲ್ಲ, ಗಿಡ ಬೆಳೆಯುತ್ತದೆ ಅಷ್ಟೆ. ನಾಲ್ಕು ಎಕರೆ ಹದಿನಾರು ಬೇಲಿಗಳಾದಾಗ ಕುಂಟೆ ಹೊಡೆಯಲು ಎತ್ತು ತಿರುಗುವುದಕ್ಕೂ ಜಾಗವಿರುವುದಿಲ್ಲ, ದನ ಮೇಯುವುದಕ್ಕೂ ಇರುವುದಿಲ್ಲ, ಮಳೆ ನೀರು ತನ್ನ ದಾರಿಯಲ್ಲಿ ಹರಿದು ಹೊಂಡಕ್ಕೆ ಸೇರುವುದೂ ಇಲ್ಲ. ಆ ಹದಿನಾರು ಮನೆಯವರು ಬೇಲಿಯಿಲ್ಲದ ಒಂದೇ ಹೊಲಕ್ಕೆ ಜೊತೆಯಾದರೆ ಅವರ ಖರ್ಚೂ ಕಡಿಮೆ, ನೆಲಕ್ಕೂ ಕ್ಷೇಮ.

ಕೊಡುವ ಮೊದಲು ವಿಚಾರಿಸಬೇಕಾದ ಕೆಲವು ಸಂಗತಿಗಳಿವೆ, ವಿಚಾರಿಸುವುದು ಅಪನಂಬಿಕೆಯಲ್ಲ. ಭೂಮಿ ಯಾರ ಹೆಸರಿನಲ್ಲಿದೆ, ಪಹಣಿ ತೋರಿಸುತ್ತಾರೆಯೇ? ಕಳೆದ ವರ್ಷದ ಜಮಾಖರ್ಚು ಸದಸ್ಯರ ಕೈಗೆ ಸಿಗುತ್ತದೆಯೇ? ಕೂಲಿಯವರಿಗೆ ಎಷ್ಟು, ಯಾವ ದಿನ ಕೊಡುತ್ತಾರೆ? ಈ ಕೊನೆಯದಕ್ಕೆ ತಡವರಿಸುವ ಹೊಲವನ್ನು ಬಿಟ್ಟು ಮುಂದೆ ಹೋಗಿ. ಹೊರದೇಶದಲ್ಲಿರುವ ಕನ್ನಡಿಗರು ಇನ್ನೊಂದನ್ನು ತಿಳಿದಿರಬೇಕು. ಬೇರೆ ದೇಶದ ಪೌರತ್ವ ಪಡೆದವರ ದೇಣಿಗೆಯನ್ನು ಪಡೆಯಬೇಕಾದರೆ ಸಂಸ್ಥೆಗೆ ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇರಬೇಕು, ಸಣ್ಣ ಹೊಲಗಳಲ್ಲಿ ಅದು ಅಪರೂಪ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವುದಕ್ಕೆ ಈ ತೊಡಕಿಲ್ಲ. ಇಲ್ಲಿರುವವರಿಗೆ ನನ್ನ ಕೋರಿಕೆ ಇಷ್ಟು: ಯುಗಾದಿ ಕಳೆದು ಮುಂಗಾರು ಹಿಡಿಯುವುದರೊಳಗೆ ನಿಮ್ಮ ಮನೆಯಿಂದ ಒಂದೆರಡು ಗಂಟೆಯ ದಾರಿಯೊಳಗಿನ ಒಂದು ಹೊಲ ಹುಡುಕಿ. ಹತ್ತು ಹೊಲಕ್ಕೆ ಹಂಚಬೇಡಿ, ಒಂದೇ ಸಾಕು. ಹೋಗಿ ಲೆಕ್ಕದ ಪುಸ್ತಕ ನೋಡಿ, ತಿಂಗಳ ಹಣವನ್ನು ಬ್ಯಾಂಕಿಗೆ ಬರೆದುಕೊಟ್ಟುಬಿಡಿ, ಆಗಸ್ಟಿನ ಯಾವ ಯಾವ ವಾರ ಕಳೆಗೆ ಜನ ಬೇಕೆಂದು ಕೇಳಿ ಆ ದಿನಗಳನ್ನು ಈಗಲೇ ಬಿಡುವು ಮಾಡಿಕೊಳ್ಳಿ.